ಹೆಸರು ತೆರೆಯುವ ಭಾನುವಾರ

ಜೂನ್ 4

‘ಕಥೆ ಅದಲುಬದಲು’ ನಡೆಸುವ ಲಾಟೀನು ಅವರಿಗೆ,

ನಮಸ್ಕಾರ. ನಾನು ಲಿಫ್ಟ್ ರಿಪೇರಿ ಮಾಡುವವನು. ವಯಸ್ಸು ಐವತ್ತೊಂಬತ್ತು. ಕಂಪ್ಯೂಟರಿನಲ್ಲಿ ಕಾಗದ ಬರೆಯುವುದು ಹೊಸತು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

‘ಗಾಳಿದಾರಿ’ ಧಾರಾವಾಹಿಯ ಅಭಿಮಾನಿಗಳು ಸೇರುವ ನಿಮ್ಮ ತಾಣವನ್ನು ಮೂರು ತಿಂಗಳಿಂದ ಓದುತ್ತಿದ್ದೇನೆ. ಟಪಾಲು ವಿಮಾನದ ಪೈಲಟ್ ಮೋಡದೊಳಗೆ ಹೋದ, ರೇಡಿಯೋ ಕೋಣೆಯಾಕೆ “ಗಾಳಿದಾರಿ ನಾಲ್ಕು, ಕೇಳಿಸ್ತಿದೆಯಾ?” ಎಂದು ಕರೆಯುತ್ತಲೇ ಇದ್ದಳು, ಅಷ್ಟಕ್ಕೇ ಧಾರಾವಾಹಿ ನಿಂತುಹೋಯಿತು. ಹದಿನೆಂಟು ವರ್ಷವಾದರೂ ನೀವೆಲ್ಲ ಅದನ್ನು ಬಿಡದೆ, ಮುಂದಿನದನ್ನು ನೀವೇ ಬರೆದುಕೊಳ್ಳುತ್ತಿದ್ದೀರಿ. ವರ್ಷಕ್ಕೊಮ್ಮೆ ಒಬ್ಬರಿಗೆ ಬೇಕಾದ ಕಥೆಯನ್ನು ಇನ್ನೊಬ್ಬರು ಗುಟ್ಟಾಗಿ ಬರೆದು ಉಡುಗೊರೆ ಕೊಡುತ್ತೀರಿ. ಯಾರು ಯಾರಿಗೆ ಬರೆಯಬೇಕು ಎಂದು ಗೊತ್ತುಮಾಡುವವರು ನೀವು ಎಂದು ತಿಳಿಯಿತು. ಅದಕ್ಕೇ ಈ ಕಾಗದ.

‘ಒಂಟಿ ಕಾಲ್ಚೀಲ’ ಎಂಬ ಅಡ್ಡಹೆಸರಿನಲ್ಲಿ ಬರೆಯುವವರಿಗೆ ಕಥೆ ಬರೆಯುವ ಕೆಲಸ ನನಗೆ ಕೊಡಿ. ಅವಳು ನನ್ನ ಮಗಳು. ಆರು ವರ್ಷದಿಂದ ಮಾತಿಲ್ಲ. ಫೋನ್ ನಂಬರು ಬದಲಾಗಿದೆ. ಈ ಅಡ್ಡಹೆಸರು ನನ್ನ ತಂಗಿಯ ಮಗಳ ಬಾಯಿಂದ ಜಾರಿಬಿತ್ತು. ಆಮೇಲೆ ಎಷ್ಟು ಕೇಳಿದರೂ ಅವಳು ಬಾಯಿ ಬಿಡಲಿಲ್ಲ. ಮಗಳು ಇಲ್ಲಿ ಬರೆದ ಒಂಬತ್ತು ಕಥೆಗಳನ್ನೂ ಓದಿದೆ. ಹೋದ ವರ್ಷದ್ದು ಕಾಣಲಿಲ್ಲ, ಕೆಲಸದ ಗಡಿಬಿಡಿ ಇರಬೇಕು.

ನಾನು ಕಥೆ ಬರೆದವನಲ್ಲ. ಆದರೆ ಅವಳಿಗೆ ಏನು ಇಷ್ಟ ಎಂದು ನನಗೆ ಗೊತ್ತು. ದಯವಿಟ್ಟು.

ಇತಿ,
ಲಿಫ್ಟ್ ಮೇಸ್ತ್ರಿ


ಜೂನ್ 6

ಮೇಸ್ತ್ರಿಗಳಿಗೆ ನಮಸ್ಕಾರ.

ಆಗುವುದಿಲ್ಲ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ನಾನು ಜೋಡಿ ಮಾಡುವ ರೀತಿ ಕೇಳಿ. ಬಂದ ಪ್ರತಿ ಫಾರಮ್ಮಿಗೂ ಒಂದು ರಟ್ಟಿನ ಚೀಟಿ ಬರೆಯುತ್ತೇನೆ. ಅಡುಗೆಮನೆಯ ನೆಲ ಒರೆಸಿ, ಚೀಟಿಗಳನ್ನು ಬೋರಲು ಹಾಕಿ ಕಲೆಸಿ, ಸುತ್ತಲೂ ಒಂದರ ಪಕ್ಕ ಒಂದು ಇಡುತ್ತೇನೆ. ಪ್ರತಿಯೊಬ್ಬರೂ ಅವರವರ ಬಲಗಡೆಯವರಿಗೆ ಬರೆಯಬೇಕು. ಕಂಪ್ಯೂಟರ್ ಇದನ್ನು ಕಣ್ಣು ಮಿಟುಕಿಸುವುದರಲ್ಲಿ ಮಾಡುತ್ತದಂತೆ. ಮಾಡಲಿ. ವರ್ಷಕ್ಕೊಂದು ದಿನ ನನ್ನ ಮನೆಯಲ್ಲಿ ಮೂವತ್ತು ಜನ ಬಂದು ಕೂತಂತಾಗುತ್ತದೆ, ಅದನ್ನು ನಾನು ಬಿಟ್ಟುಕೊಡಲಾರೆ.

ಯಾರು ಸೇರಿದ್ದಾರೆ, ಯಾರು ಸೇರಿಲ್ಲ ಎಂಬುದನ್ನು ನಾನು ಯಾರಿಗೂ ಹೇಳುವುದಿಲ್ಲ. ಕಥೆಗಳು ಒಂದು ಭಾನುವಾರ ಹೆಸರಿಲ್ಲದೆ ಬರುತ್ತವೆ. ಒಂದು ವಾರ ಎಲ್ಲರೂ ಬರೆದವರು ಯಾರೆಂದು ಊಹೆ ಮಾಡುತ್ತಾ ಕೂರುತ್ತಾರೆ. ಮರು ಭಾನುವಾರ ಹೆಸರು ತೆರೆಯುತ್ತೇನೆ. ಹನ್ನೊಂದು ವರ್ಷದಿಂದ ಇದೇ ಪದ್ಧತಿ. ನಾನೇ ಮುರಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಇನ್ನೊಂದು ಮಾತು. ಆರು ವರ್ಷ ಮಾತು ಬಿಟ್ಟವರಿಗೆ ಒಂದು ಕಾರಣ ಇರುತ್ತದೆ. ಅದು ನನಗೆ ಬೇಡ. ಆದರೆ ಅವರು ಬಾಗಿಲು ಹಾಕಿಕೊಂಡಿದ್ದರೆ, ಕಿಟಕಿಯಿಂದ ನಿಮ್ಮನ್ನು ಒಳಗೆ ಬಿಡುವವಳು ನಾನಾಗಬಾರದು.

ಎಲ್ಲರಂತೆ ಸೇರುತ್ತೀರಾದರೆ ಸೇರಿ. ಚೀಟಿ ಎಲ್ಲಿ ಬೀಳುತ್ತದೋ ಅಲ್ಲಿಗೆ ಬರೆಯಬೇಕು. ಫಾರಂ ಲಗತ್ತಿಸಿದ್ದೇನೆ.

ಲಾಟೀನು


ಜೂನ್ 15

ಲಾಟೀನು ಅವರಿಗೆ,

ಒಂಬತ್ತು ದಿನ ನಿಮ್ಮ ಮೇಲೆ ಸಿಟ್ಟಿತ್ತು. ಈಗಲೂ ಸ್ವಲ್ಪ ಇದೆ. ಫಾರಂ ತುಂಬಿದ್ದೇನೆ.

ಅಡ್ಡಹೆಸರು: ನೆಲಮಹಡಿ
ಯಾರ ಕಥೆ ಬೇಕು: ರೇಡಿಯೋ ಕೋಣೆಯಾಕೆ
ಏನಿರಬೇಕು: ಅವಳು ಕರೆದಾಗ ಆ ಕಡೆಯಿಂದ ಏನಾದರೂ ಒಂದು ಉತ್ತರ ಬರಬೇಕು. ಪೈಲಟ್ ವಾಪಸ್ ಬರದಿದ್ದರೂ ಪರವಾಗಿಲ್ಲ.
ಏನಿರಬಾರದು: ಯಾರೂ ನಗಬಾರದು

ಇತಿ,
ಲಿಫ್ಟ್ ಮೇಸ್ತ್ರಿ


ಜುಲೈ 9

ಲಾಟೀನು ಮೇಡಂ,

ನನ್ನ ಬಲಗಡೆಯವರು ಕೇಳಿರುವುದು ಧಾರಾವಾಹಿಯಲ್ಲಿ ಬರುವ ವಿಮಾನ ನಿಲ್ದಾಣದ ಅಡುಗೆಯವನ ಒಂದು ದಿನದ ಕಥೆ. ಅದು ಒಂಟಿ ಕಾಲ್ಚೀಲ ಅಲ್ಲ. ಅವಳಾಗಿದ್ದರೆ ಅಡುಗೆಯವನನ್ನು ಕೇಳುತ್ತಿರಲಿಲ್ಲ, ಅವನನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಇರಲಿ, ಒಪ್ಪಿಕೊಂಡ ಮೇಲೆ ಮಾಡಲೇಬೇಕು. ಬರೆದದ್ದನ್ನು ಜೊತೆಗಿಟ್ಟಿದ್ದೇನೆ, ಸರಿಯಿದೆಯಾ ನೋಡಿ.

ನೀವು ಕಾರಣ ಬೇಡ ಎಂದಿರಿ. ನನಗೆ ಹೇಳಬೇಕಾಗಿದೆ, ಕೇಳುವವರು ಬೇರೆ ಇಲ್ಲ.

ಅವಳಮ್ಮ ತೀರಿಕೊಂಡಾಗ ಮಗುವಿಗೆ ಒಂಬತ್ತು. ಧಾರಾವಾಹಿ ಬರುವ ಸಂಜೆ ಮಾತ್ರ ನಾನು ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಿದ್ದೆ. ಅದು ಮುಗಿದ ಮೇಲೆ ಅವಳು ತನ್ನ ಕೋಣೆ ಸೇರಿ ಗೋಡೆ ತಟ್ಟಿ, “ಗಾಳಿದಾರಿ ನಾಲ್ಕು, ಕೇಳಿಸ್ತಿದೆಯಾ?” ಎನ್ನುತ್ತಿದ್ದಳು. ನಾನು ಈ ಕಡೆಯಿಂದ ಎರಡು ಸಲ ತಟ್ಟುತ್ತಿದ್ದೆ. ಅದು ನನ್ನ ಕೆಲಸದ್ದು. ಲಿಫ್ಟಿನಲ್ಲಿ ಯಾರಾದರೂ ಸಿಕ್ಕಿಕೊಂಡರೆ ಮೊದಲು ಬಾಗಿಲಿಗೆ ಕೈ ಹಾಕಬಾರದು, ಎರಡು ಸಲ ತಟ್ಟಬೇಕು. ಇದ್ದೀನಿ ಎಂದು ಅರ್ಥ. ಒಳಗಿನವರ ಉಸಿರಾಟ ಅಷ್ಟಕ್ಕೇ ಹದಕ್ಕೆ ಬರುತ್ತದೆ.

ಅವಳಿಗೆ ಹದಿನಾರಿರುವಾಗ ನನಗೆ ಬಡ್ತಿ ಸಿಕ್ಕಿ, ಜೊತೆ ಕೆಲಸದವರನ್ನು ಮನೆಗೆ ಕರೆದಿದ್ದೆ. ಕಪಾಟಿನಲ್ಲಿ ಏನೋ ಹುಡುಕುತ್ತಿದ್ದಾಗ ಅವಳ ನೋಟ್‌ಬುಕ್ಕು ಸಿಕ್ಕಿತು. ರೇಡಿಯೋದಾಕೆಯ ಕಥೆ ಬರೆದಿದ್ದಳು. ನಾನು ಹೆಣ್ಣು ದನಿ ಮಾಡಿ ಎಲ್ಲರೆದುರು ಓದಿದೆ. ಎಂಟು ಜನ ಬಿದ್ದು ಬಿದ್ದು ನಕ್ಕರು. ಅವಳು ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಟ್ಟೆ ಕೆಳಗಿಟ್ಟು, ನನ್ನ ಕೈಯಿಂದ ನೋಟ್‌ಬುಕ್ಕು ತೆಗೆದುಕೊಂಡು ಹೋದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆನೋ ಏನೋ.

ಆಮೇಲೆ ಜಗಳವೇನೂ ಆಗಲಿಲ್ಲ. ಮಾತು ಕಡಿಮೆಯಾಯಿತು, ಇನ್ನೂ ಕಡಿಮೆಯಾಯಿತು, ಇಪ್ಪತ್ತೆರಡಕ್ಕೆ ಹೊರಟಳು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಉಣ್ಣುತ್ತಿದ್ದೇನೆ.

ಲಿಫ್ಟ್ ಮೇಸ್ತ್ರಿ


ಜುಲೈ 12

ಮೇಸ್ತ್ರಿಗಳೇ,

ಮೊದಲು ನಿಮ್ಮ ಕಥೆ. “ಬೆಳಿಗ್ಗೆ 8.10: ಅಡುಗೆಯವ ಬಂದ. ಒಲೆ ಪರೀಕ್ಷಿಸಿದ. ದೋಷ ಇಲ್ಲ. 8.40: ಈರುಳ್ಳಿ ಹೆಚ್ಚಿದ. ದೋಷ ಇಲ್ಲ.” ಇದು ಲಿಫ್ಟಿನ ರಿಜಿಸ್ಟರು, ಸ್ವಾಮಿ! ದೋಷವೇ ಇಲ್ಲದಿದ್ದರೆ ಕಥೆ ಎಲ್ಲಿಂದ ಬರಬೇಕು? ಅದೂ ಅಲ್ಲದೆ ಇದು ನೂರಾ ಎಂಬತ್ತು ಪದ, ಕನಿಷ್ಠ ಸಾವಿರ ಬೇಕು. ಒಂದು ಕಡೆ ಮಾತ್ರ, “11.30: ಪೈಲಟ್ಟನ ತಟ್ಟೆ ಅಭ್ಯಾಸಬಲದಿಂದ ಇಟ್ಟ. ತೆಗೆಯಲಿಲ್ಲ” ಎಂದಿದ್ದೀರಿ. ಆ ಸಾಲು ಇಟ್ಟುಕೊಂಡು ಉಳಿದದ್ದನ್ನೆಲ್ಲ ತೆಗೆದುಹಾಕಿ ಮತ್ತೆ ಶುರುಮಾಡಿ.

ಇನ್ನು ನೋಟ್‌ಬುಕ್ಕಿನ ವಿಷಯ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿಮಗೆ ಸಮಾಧಾನ ಹೇಳಲಾರೆ. ಆ ಹುಡುಗಿಯ ಜಾಗದಲ್ಲಿ ನಾನಿದ್ದರೂ ಹೋಗುತ್ತಿದ್ದೆ. ಆದರೆ ನೀವು ನಿಮ್ಮ ಕಡೆ ವಾದ ಮಾಡದೆ ಬರೆದಿರಿ, ಅದನ್ನು ಗಮನಿಸಿದೆ.

ನೀವು ನಿಮ್ಮ ಕೆಲಸ ಹೇಳಿದ್ದಕ್ಕೆ ನನ್ನದನ್ನೂ ಹೇಳುತ್ತೇನೆ. ನಾನು ಹಲ್ಲಿನ ಸೆಟ್ ಮಾಡುವವಳು. ಡಾಕ್ಟರು ಬಾಯಿಯ ಅಚ್ಚು ಕಳಿಸುತ್ತಾರೆ, ಮೇಲೊಂದು ನಂಬರು. ಬಾಯಿ ಯಾರದೆಂದು ಗೊತ್ತಾಗುವುದಿಲ್ಲ. ನನ್ನ ಹಲ್ಲಿನಲ್ಲಿ ನಗುವವರು ಊರ ತುಂಬ ಇದ್ದಾರೆ, ಒಬ್ಬರ ಪರಿಚಯವೂ ಇಲ್ಲ. ಬಸ್ಸಿನಲ್ಲಿ ಯಾರಾದರೂ ಮುದುಕರು ಬಾಯಿ ತುಂಬ ನಕ್ಕರೆ ಇದು ನನ್ನದಿರಬಹುದೇ ಎಂದು ನೋಡುತ್ತೇನೆ. ಅವರು ನಾನು ಪರಿಚಯದವಳೇನೋ ಎಂದುಕೊಂಡು ಇನ್ನೊಮ್ಮೆ ನಗುತ್ತಾರೆ. ಆಮೇಲೆ ಇಳಿದು ಹೋಗುತ್ತಾರೆ.

ಕಥೆಯ ವಿಷಯದಲ್ಲೂ ನನ್ನದು ಇದೇ ಪಾಡು. ಈ ಹನ್ನೊಂದು ವರ್ಷದಲ್ಲಿ ನನಗೆ ಒಂದು ಕಥೆಯೂ ಬಂದಿಲ್ಲ. ನಾನೇ ಮಾಡಿಕೊಂಡ ನಿಯಮ: ನನ್ನ ಚೀಟಿ ಸುತ್ತಿನಲ್ಲಿ ಇಡುವಂತಿಲ್ಲ. ಯಾರಾದರೂ ಕೊನೆ ಗಳಿಗೆಯಲ್ಲಿ ಕೈಕೊಟ್ಟರೆ ಅವರ ಬದಲು ಬರೆಯಲು ಒಬ್ಬರು ಹೊರಗಿರಬೇಕಲ್ಲ. ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುತ್ತಾರೆ. ನಾನು ಎಲ್ಲರಿಗೂ ಹಲ್ಲು ಕಟ್ಟಿಕೊಡುತ್ತೇನೆ, ಕಡಲೆ ಮಾತ್ರ ನನ್ನ ಪಾಲಿಗೆ ಬರಲಿಲ್ಲ. ದೂರುತ್ತಿಲ್ಲ, ನೀವು ಕೇಳದಿದ್ದರೂ ಹೇಳಿದೆ ಅಷ್ಟೆ.

ಲಾಟೀನು


ಆಗಸ್ಟ್ 3

ಲಾಟೀನು ಮೇಡಂ,

ಸಾವಿರದ ನಲವತ್ತು ಪದ. ಅಡುಗೆಯವ ಈಗ ಇಬ್ಬರ ಪಾಲು ಮಾಡಿ ಒಬ್ಬನೇ ಊಟ ಮಾಡುತ್ತಾನೆ. ಕಳಿಸಿದ್ದೇನೆ.

ಒಂದೇ ಒಂದು ಕೇಳುತ್ತೇನೆ. ಅವಳು ಈ ವರ್ಷ ಸೇರಿದ್ದಾಳಾ? ಹೌದು ಅಥವಾ ಇಲ್ಲ, ಒಂದು ಪದ ಸಾಕು.

ಲಿಫ್ಟ್ ಮೇಸ್ತ್ರಿ


ಆಗಸ್ಟ್ 4

ಮೇಸ್ತ್ರಿಗಳೇ,

ಕಥೆ ಚೆನ್ನಾಗಿದೆ. ಮುಖಸ್ತುತಿ ನನಗೆ ಬರುವುದಿಲ್ಲ ಎಂದು ನಿಮಗೆ ಗೊತ್ತು.

ಆ ಒಂದು ಪದ ಹೇಳುವಂತಿಲ್ಲ. ದಯವಿಟ್ಟು ಮತ್ತೆ ಕೇಳಬೇಡಿ.

ಲಾಟೀನು


ಆಗಸ್ಟ್ 19

ಲಾಟೀನು ಮೇಡಂ,

ಬಂತು! ನಿನ್ನೆ ಭಾನುವಾರ ಬೆಳಿಗ್ಗೆ ನನ್ನ ಹೆಸರಿಗೆ ಕಥೆ ಬಂತು. ನಿಮ್ಮ ಚೀಟಿಗಳ ಬಾಯಿಗೆ ಸಕ್ಕರೆ ಹಾಕಬೇಕು.

ರೇಡಿಯೋ ಕೋಣೆಯಾಕೆ ಕರೆಯುತ್ತಾಳೆ. ಉತ್ತರ ಇಲ್ಲ. ನಿಲ್ದಾಣದವರೆಲ್ಲ ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಾರೆ, ಇವಳು ಹೋಗುವುದಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಗರಗರ ಸದ್ದಿನ ನಡುವೆ, ಕಬ್ಬಿಣದ ಮೇಲೆ ಯಾರೋ ತಟ್ಟಿದ ಹಾಗೆ, ಎರಡು ಸಲ. ಮಾತಿಲ್ಲ. ಬರೀ ಎರಡು ತಟ್ಟು. ಅವಳು ಎದ್ದು ಒಲೆ ಹಚ್ಚಿ ನೀರಿಡುತ್ತಾಳೆ, ಅಲ್ಲಿಗೆ ಕಥೆ ಮುಗಿಯುತ್ತದೆ.

ಮೇಡಂ, ಆ ಎರಡು ತಟ್ಟು ಭೂಮಿಯ ಮೇಲೆ ಇಬ್ಬರಿಗೇ ಗೊತ್ತು. ಒಬ್ಬ ನಾನು. ಇದನ್ನು ಬರೆದವಳು ನನ್ನ ಮಗಳಲ್ಲದೆ ಇನ್ಯಾರು? ನೀವು ನಿಯಮ ಮುರಿಯಲಿಲ್ಲ, ನಾನು ಅವಳಿಗೆ ಬರೆಯಲಿಲ್ಲ. ಅವಳೇ ನನಗೆ ಬರೆದಳು! ‘ನೆಲಮಹಡಿ’ ಯಾರೆಂದು ಗುರುತುಹಿಡಿದೇ ಬರೆದಳು.

ಕಥೆಯ ಕೆಳಗೆ ಅಭಿಪ್ರಾಯ ಬರೆಯುವ ಜಾಗದಲ್ಲಿ ಹೀಗೆ ಬರೆದೆ: “ಅವತ್ತು ಓದಬಾರದಿತ್ತು. ನಾಲ್ಕು ಜನ ನಗಲಿ ಅಂತ ಓದಿದೆ. ನೀನು ಬರೆದದ್ದು ಚೆನ್ನಾಗಿತ್ತು, ಅದಕ್ಕೇ ಇವತ್ತಿಗೂ ಬಾಯಿಪಾಠ ಇದೆ. ಚೆನ್ನಾಗಿದೆ ಅಂತ ಮಾತ್ರ ಹೇಳಲಿಲ್ಲ. ತಪ್ಪಾಯ್ತು ಮಗಳೇ.” ಎಲ್ಲರಿಗೂ ಕಾಣುತ್ತದೆ, ಕಾಣಲಿ. ನಕ್ಕದ್ದೂ ಎಲ್ಲರೆದುರೇ ಅಲ್ಲವೇ.

ಬರುವ ಭಾನುವಾರ ಹೆಸರು ತೆರೆದ ಮೇಲೆ ಅವಳು ಫೋನ್ ಮಾಡಬಹುದು ಎಂದು ಸೋಮವಾರವೂ ರಜೆ ಹಾಕಿದ್ದೇನೆ. ಅವಳ ಕೋಣೆಯ ಕಿಟಕಿ ಕಿರುಗುಟ್ಟುತ್ತಿತ್ತು, ಎಣ್ಣೆ ಬಿಟ್ಟೆ.

ನಿಮ್ಮ
ಲಿಫ್ಟ್ ಮೇಸ್ತ್ರಿ


ಆಗಸ್ಟ್ 21

ಮೇಸ್ತ್ರಿಗಳೇ,

ಈ ಕಾಗದವನ್ನು ನಾಲ್ಕು ಸಲ ಬರೆದು ಅಳಿಸಿದೆ. ಭಾನುವಾರದವರೆಗೆ ಸುಮ್ಮನಿದ್ದು ಹೆಸರು ತೆರೆದುಬಿಟ್ಟರೆ ಅದು ಮೋಸ. ಬರೆದವರ ಹೆಸರನ್ನು ಮುಚ್ಚಿಯೇ ಇಟ್ಟರೆ ಇನ್ನೂ ದೊಡ್ಡ ಮೋಸ. ಅದನ್ನೂ ಒಂದು ದಿನ ಪೂರ್ತಿ ಯೋಚಿಸಿದೆ, ನಿಮ್ಮಿಂದ ಮುಚ್ಚಿಡುವುದಿಲ್ಲ.

ಆ ಕಥೆ ಬರೆದವಳು ನಾನು.

ನಿಮ್ಮ ಎಡಗಡೆಯ ಚೀಟಿಯವರು ಗಡುವಿಗೆ ಐದು ದಿನವಿದ್ದಾಗ ಕೈಕೊಟ್ಟರು. ಬದಲಿಗೆ ನಾನೇ ಕೂತೆ. ಎದುರಿಗೆ ನಿಮ್ಮ ಜುಲೈ ಒಂಬತ್ತನೇ ತಾರೀಖಿನ ಕಾಗದವಿತ್ತು. ಅದನ್ನು ನೀವೇ ನನಗೆ ಬರೆದಿದ್ದಿರಿ ಮೇಸ್ತ್ರಿಗಳೇ. ಗೋಡೆ, ಲಿಫ್ಟು, ಎರಡು ತಟ್ಟು, ಎಲ್ಲ. ಬರೆದದ್ದು ಮರೆತಿರಿ. ನೀವು ಓದಿದ ಕೂಡಲೇ “ಓಹೋ, ಇದು ಲಾಟೀನಿನ ಕೆಲಸ” ಎಂದು ಹಿಡಿದುಬಿಡುತ್ತೀರಿ, ನನಗೊಂದು ತಮಾಷೆಯ ಕಾಗದ ಬರೆಯುತ್ತೀರಿ ಎಂದುಕೊಂಡಿದ್ದೆ. ಆ ಕಾಗದಕ್ಕಾಗಿ ಕಾಯುತ್ತಿದ್ದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಿಮ್ಮ ಮಗಳ ದನಿಯಲ್ಲಿ ಮಾತಾಡುವ ಉದ್ದೇಶ ನನಗಿರಲಿಲ್ಲ. ಆದರೆ ಆಗಿದ್ದು ಅದೇ.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ನಿಯಮ ಹಾಳಾಗಿ ಹೋಗಲಿ. ಒಂಟಿ ಕಾಲ್ಚೀಲ ಈ ವರ್ಷ ಇಲ್ಲ. ಎರಡು ವರ್ಷದ ಹಿಂದೆ, “ಇನ್ನು ಬರೆಯಲ್ಲ, ಕಾರಣ ಕೇಳ್ಬೇಡಿ” ಎಂದು ಎರಡು ಸಾಲು ಬರೆದು ಹೋದರು. ನಿಮ್ಮ ಮೊದಲ ಕಾಗದ ಬಂದ ದಿನವೇ ಇದು ನನಗೆ ಗೊತ್ತಿತ್ತು. ನನ್ನ ಪದ್ಧತಿಯನ್ನು ಕಾಪಾಡಿಕೊಂಡೆ, ನಿಮ್ಮನ್ನು ಎರಡೂವರೆ ತಿಂಗಳು ಖಾಲಿ ಮನೆಯ ಬಾಗಿಲಲ್ಲಿ ನಿಲ್ಲಿಸಿದೆ. ಆಗಸ್ಟ್ ಮೂರಕ್ಕೆ ನೀವು ಕೇಳಿದ ಆ ಒಂದು ಪದ ಹೇಳಿಬಿಟ್ಟಿದ್ದರೆ ಇವತ್ತು ಆ ಕಿಟಕಿಗೆ ಎಣ್ಣೆ ಬೀಳುತ್ತಿರಲಿಲ್ಲ.

ಅವರ ಹಳೆಯ ಮೇಲ್ ವಿಳಾಸ ನನ್ನಲ್ಲಿದೆ. ವಿಳಾಸ ನಿಮಗೆ ಕೊಡಲಾರೆ. ನೀವು ಹೇಳಿದರೆ, ನೀವು ಕೆಳಗೆ ಬರೆದ ಆ ನಾಲ್ಕು ಮಾತನ್ನು ನಾನೇ ಅವರಿಗೆ ಕಳಿಸುತ್ತೇನೆ. ಉತ್ತರ ಬರುವುದೋ ಇಲ್ಲವೋ ಗೊತ್ತಿಲ್ಲ. ಅಥವಾ ಆ ಮಾತನ್ನು ಅಳಿಸು ಎಂದರೆ ಭಾನುವಾರಕ್ಕೆ ಮೊದಲೇ ಅಳಿಸುತ್ತೇನೆ.

ಕ್ಷಮಿಸಿ ಎಂದು ಕೇಳುವ ಮುಖವಿಲ್ಲ. ಆದರೂ ಕೇಳುತ್ತಿದ್ದೇನೆ.

ಲಾಟೀನು


ಆಗಸ್ಟ್ 25, ಭಾನುವಾರ

ಮೇಸ್ತ್ರಿಗಳೇ,

ಇವತ್ತು ಹೆಸರು ತೆರೆದೆ. ನಿಮ್ಮಿಂದ ಮಾತು ಬಾರದ್ದರಿಂದ ನೀವು ಬರೆದದ್ದನ್ನು ಮುಟ್ಟಿಲ್ಲ.

ಲಾಟೀನು


ಸೆಪ್ಟೆಂಬರ್ 19

ಲಾಟೀನು ಅವರಿಗೆ,

ನಾಲ್ಕು ವಾರ ನಿಮಗೆ ಬರೆಯಲಿಲ್ಲ. ನಿಮ್ಮ ಕಾಗದ ಓದಿ, ಬಾಯಿಗೆ ಬಂದ ಹಾಗೆ ಬೈದೆ. ಮನೆಯಲ್ಲಿ ಯಾರೂ ಇಲ್ಲದ್ದರಿಂದ ಗಟ್ಟಿಯಾಗಿಯೇ ಬೈದೆ. ರಜೆ ಹಾಕಿದ್ದ ಸೋಮವಾರವೂ ಕೆಲಸಕ್ಕೆ ಹೋದೆ. ಮನೆಯಲ್ಲಿ ಕೂರಲು ಆಗಲಿಲ್ಲ.

ಹೋದ ಮಂಗಳವಾರ ಒಂದು ಘಟನೆ ಆಯಿತು. ಆರನೇ ಮಹಡಿಯಲ್ಲಿ ಲಿಫ್ಟ್ ಪರೀಕ್ಷೆ ಮಾಡುತ್ತಿದ್ದಾಗ ಕರೆಂಟ್ ಹೋಗಿ ನಾನೇ ಒಳಗೆ ಸಿಕ್ಕಿಕೊಂಡೆ. ಮೂವತ್ತೈದು ವರ್ಷದ ಸರ್ವಿಸಿನಲ್ಲಿ ಮೊದಲ ಸಲ. ನಗಬೇಡಿ. ಎಲ್ಲ ಗೊತ್ತಿರುವವನಿಗೆ ಒಳಗೆ ಹೆಚ್ಚು ಹೆದರಿಕೆ, ಏನೇನು ಕೆಡಬಹುದು ಎಂದು ಪಟ್ಟಿಯೇ ಇರುತ್ತದೆ. ಮುಕ್ಕಾಲು ಗಂಟೆ ಕೂತಿದ್ದೆ. ಆಮೇಲೆ ಹೊರಗಿನಿಂದ ಯಾರೋ ತಟ್ಟಿದರು. ಎರಡು ಸಲ ಅಲ್ಲ, ದಬದಬ ಅಂತ ಏಳೆಂಟು ಸಲ. “ಯಾರಪ್ಪಾ ಒಳಗೆ? ಹೆದ್ರಬೇಡಿ, ನಾನಿಲ್ಲೇ ಇದೀನಿ” ಎಂದರು. ಮೆಟ್ಟಿಲು ಒರೆಸುವ ಹೆಂಗಸು. ಅವರ ಮುಖ ಅದಕ್ಕೆ ಮೊದಲು ನಾನು ಸರಿಯಾಗಿ ನೋಡಿದವನಲ್ಲ. ಕರೆಂಟ್ ಬರುವವರೆಗೆ ತಮ್ಮ ಮೊಣಕಾಲು ನೋವಿನ ಕಥೆ ಹೇಳುತ್ತಾ ಬಾಗಿಲಾಚೆ ಕೂತಿದ್ದರು.

ತಟ್ಟಿದವರು ನನ್ನ ಮಗಳಲ್ಲ. ಹಾಗಂತ ಆ ತಟ್ಟು ಸುಳ್ಳಾಗಲಿಲ್ಲ. ಒಳಗಿದ್ದವನ ಉಸಿರು ಹದಕ್ಕೆ ಬಂದದ್ದು ನಿಜ. ಮನೆಗೆ ಬಂದು ನಿಮ್ಮ ಕಥೆ ಇನ್ನೊಮ್ಮೆ ಓದಿದೆ. ಈ ಸಲ ನೀವು ಬರೆದದ್ದು ಎಂದು ತಿಳಿದೇ ಓದಿದೆ. ಚೆನ್ನಾಗಿದೆ. ಈ ಮಾತನ್ನು ಹೇಳದೆ ಬಿಡುವ ತಪ್ಪು ಎರಡನೇ ಸಲ ಮಾಡಲಾರೆ.

ಮಗಳಿಗೆ ಏನೂ ಕಳಿಸಬೇಡಿ. ಅವಳದ್ದನ್ನು ಅವಳನ್ನು ಕೇಳದೆ ತೆಗೆದು ಓದಿದವನು ನಾನು. ಈಗ ನನ್ನದನ್ನು ಅವಳನ್ನು ಕೇಳದೆ ಅವಳ ಮನೆಯೊಳಗೆ ಎಸೆದರೆ ಅದೂ ಅದೇ ಜಾತಿಯ ಕೆಲಸ. ಬರೆದದ್ದು ಅಲ್ಲೇ ಇರಲಿ, ಅಳಿಸಬೇಡಿ. ಯಾವತ್ತಾದರೂ ಅವಳಾಗಿ ಆ ಕಡೆ ಬಂದರೆ ಕಾಣಲಿ. ಬರದೆಯೂ ಇರಬಹುದು. ಅದು ನನಗೆ ಗೊತ್ತು, ರಾತ್ರಿ ಹಗಲು ಗೊತ್ತು. ಕಿಟಕಿಗೆ ಬಿಟ್ಟ ಎಣ್ಣೆ ದಂಡವಲ್ಲ, ಈಗ ಸರಾಗವಾಗಿ ತೆರೆಯುತ್ತದೆ.

ಕೊನೆಗೊಂದು ಮಾತು. ಹನ್ನೊಂದು ವರ್ಷದಿಂದ ಎಲ್ಲರಿಗೂ ಏನು ಬೇಕು, ಏನು ಬೇಡ ಎಂದು ಕೇಳಿ ಬರೆದಿಟ್ಟುಕೊಳ್ಳುತ್ತೀರಿ. ನಿಮ್ಮನ್ನು ಯಾರೂ ಕೇಳಿದ ಹಾಗೆ ಕಾಣಲಿಲ್ಲ. ನಿಮ್ಮದೇ ಫಾರಂ ಖಾಲಿ ಮಾಡಿ ಲಗತ್ತಿಸಿದ್ದೇನೆ, ತುಂಬಿ ಕಳಿಸಿ. ನಾನು ಬರೆದರೆ ರಿಜಿಸ್ಟರಿನ ಹಾಗಿರುತ್ತದೆ, ಅದನ್ನು ನೀವು ಸಹಿಸಿಕೊಳ್ಳಬೇಕು.

ಇತಿ ನಿಮ್ಮ,
ನೆಲಮಹಡಿ


ಸೆಪ್ಟೆಂಬರ್ 20

ನೆಲಮಹಡಿಯವರಿಗೆ,

ಈ ಫಾರಂ ತಯಾರು ಮಾಡಿದವಳು ನಾನೇ. ತುಂಬುವುದು ಇಷ್ಟು ಕಷ್ಟ ಎಂದು ಇವತ್ತು ಗೊತ್ತಾಯಿತು. ಕೆಲಸದ ಮೇಜಿನ ಮೇಲೆ ನಾಲ್ಕು ಬಾಯಿಯ ಅಚ್ಚು ಒಣಗುತ್ತಿವೆ, ಬೆಳಗಿನಿಂದ ಒಂದನ್ನೂ ಮುಟ್ಟಿಲ್ಲ.

ಅಡ್ಡಹೆಸರು: ಲಾಟೀನು
ಯಾರ ಕಥೆ ಬೇಕು: ರೇಡಿಯೋ ಕೋಣೆಯಾಕೆ
ಏನಿರಬೇಕು: ಇಷ್ಟು ವರ್ಷ ಅವಳೇ ಕರೆದಳು. ಒಂದು ಸಲ ಅವಳನ್ನು ಯಾರಾದರೂ ಕರೆಯಬೇಕು. ವಿಷಯ ದೊಡ್ಡದಿರಬೇಕಾಗಿಲ್ಲ. “ಊಟ ಆಯ್ತಾ?” ಅಂದರೂ ಸಾಕು.
ಏನಿರಬಾರದು: ಬೇರೆ ಯಾರಿಗೋ ಮಾಡಿದ ಕರೆ ತಪ್ಪಿ ಅವಳಿಗೆ ಬಂದದ್ದಾಗಿರಬಾರದು

ಲಾಟೀನು